ವಾಸವಿಲ್ಲದ ಮನೆ

"ಆ ಸಾಲು ಇನ್ನೊಂದ್ಸಲ ಓದು ಮಗಳೇ," ಎಂದಳು ಸೈರಾಕಾನ್, ಹಿಂದಿನ ಬೆಂಚಿನಿಂದ ಎದ್ದು ನಿಂತು.

ಜಿಪಾರ್ ಅಣೆಕಟ್ಟಿನ ವರದಿಯಿಂದ ಓದಿದಳು. ಮುಳುಗಡೆಯಾಗುವ ಮನೆಗಳು: ಹೊಳೆಯ ಬಲದಂಡೆಯಲ್ಲಿ ಒಂದು ಮನೆ, ವಾಸವಿಲ್ಲ.

ಊರಿನ ಸಭಾಭವನದಲ್ಲಿ ಕೂತಿದ್ದವರೆಲ್ಲ ಹಿಂತಿರುಗಿ ನೋಡಿದರು. ಆ ಮನೆ ಸೈರಾಕಾನಳದೇ. "ಯಾವಾಗ ಸತ್ತೆ ನೀನು? ತಿಥಿಗೆ ಕುದುರೆ ಕೊಯ್ದು ಊಟಾನೂ ಹಾಕಿಸ್ಲಿಲ್ವಲ್ಲ," ಎಂದ ಒಬ್ಬ ಮುದುಕ. ನಗು ಎದ್ದಿತು.

"ನನ್ನ ಬಿಡು. ಮೂರು ವರ್ಷದಿಂದ ಹಾಸಿಗೇಲಿರೋ ನನ್ನ ಗಂಡ? ಅವನೂ ಇಲ್ವಾ?"

ನಗು ನಿಂತಿತು.

ನರಿನ್ ನದಿಯ ಈ ಉಪನದಿಗೆ ಅಣೆಕಟ್ಟು ಬಂದರೆ ಮಣ್ಣು, ನೀರು, ಮೀನು, ಜನ ಎಲ್ಲಕ್ಕೂ ಏನಾಗುತ್ತದೆ ಎಂದು ಬರೆಯುವುದು ಜಿಪಾರಳ ಕಂಪನಿಯ ತಂಡದ ಕೆಲಸ. ಅದರಲ್ಲಿ ಜನರ ಅಧ್ಯಾಯ ಅವಳೊಬ್ಬಳದು. ಜನವರಿಯಲ್ಲಿ ಮನೆಮನೆಗೂ ಹೋಗಿದ್ದಳು. ಕೊನೆಯ ದಿನ ಉಳಿದದ್ದು ಹೊಳೆಯಾಚೆಯ ಆ ಒಂದೇ ಮನೆ. ತೂಗುಸೇತುವೆಯ ಹಲಗೆಗಳ ಮೇಲೆ ಮಂಜು ಹೆಪ್ಪುಗಟ್ಟಿತ್ತು. ಐವತ್ತು ದಾಟಿದ ಚಾಲಕ ಮುಕಾಶ್ ಇದೇ ಕಣಿವೆಯವನು. ತಾನು ಮುಂದೆ ನಡೆಯುತ್ತೇನೆ, ತನ್ನ ಬೆಲ್ಟು ಹಿಡಿದುಕೊಂಡು ಬಾ ಎಂದಿದ್ದ. ಅವಳ ಬೂಟಿನೊಳಗೆ ನೀರಿಳಿದಿತ್ತು. ಮರಳಬೇಕಾದ ರಾಜಧಾನಿ ಬಿಷ್ಕೆಕ್‌ಗೆ ಏಳು ಗಂಟೆಯ ದಾರಿ. ಈ ದಡದಲ್ಲೇ ನಿಂತು ನೋಡಿದಳು. ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಯಾರೂ ಇಲ್ಲ ಬಿಡಣ್ಣ ಎಂದು ಹೇಳಿ, ವಾಸವಿಲ್ಲ ಎಂದು ಬರೆದುಕೊಂಡಳು. ಮುಕಾಶ್ ಅವಳ ಮುಖವನ್ನೊಮ್ಮೆ ನೋಡಿ ಗಾಡಿ ಚಾಲೂ ಮಾಡಿದ್ದ.

ಆ ಮನೆಗೆ ಹೋಗಿದ್ದವರು ಯಾರು ಎಂದು ಅಧ್ಯಕ್ಷತೆ ವಹಿಸಿದ್ದ ಜಿಲ್ಲಾ ಅಧಿಕಾರಿ ಕೇಳಿದ. ಉತ್ತರ ಜಿಪಾರಳ ನಾಲಿಗೆಯ ಮೇಲೇ ಇತ್ತು. ಅಷ್ಟರಲ್ಲಿ ಬಾಗಿಲ ಬಳಿ ಮುಕಾಶ್ ಟೋಪಿ ತೆಗೆದು ಎದ್ದ.

"ತಪ್ಪು ನಂದು ಸಾಹೇಬ್ರೇ. ಸೇತುವೆ ಮುರಿದಿದೆ, ಆಚೆ ಯಾರೂ ಇಲ್ಲ ಅಂತ ನಾನೇ ಈ ಹುಡುಗಿಗೆ ಹೇಳ್ದೆ."

ಜಿಪಾರ್ ತೆರೆದ ಬಾಯಿ ಮುಚ್ಚಿದಳು.

ಊರವರು ಅವನನ್ನು ಸುಮ್ಮನೆ ಬಿಡಲಿಲ್ಲ. ಈ ಕಣಿವೆಯ ಉಪ್ಪು ತಿಂದವನಿಗೆ ಯಾರ ಮನೆಯಲ್ಲಿ ಯಾರಿದ್ದಾರೆಂದು ಗೊತ್ತಿಲ್ಲವೇ ಎಂದರು. ಕಂಪನಿಯ ಪೆಟ್ರೋಲು ಇವನ ಕಣ್ಣು ಮುಚ್ಚಿಸಿದೆ ಎಂದರು. ಅವನು ಟೋಪಿ ಕೈಯಲ್ಲಿ ಹಿಡಿದು ಎಲ್ಲವನ್ನೂ ನಿಂತೇ ಕೇಳಿದ. ಗುಮಾಸ್ತ ಸಭೆಯ ನಡಾವಳಿಯಲ್ಲಿ ಅವನ ಹೆಸರು ಬರೆದುಕೊಳ್ಳುವಾಗ ಜಿಪಾರ್ ವರದಿಯ ಪುಟ ತಿರುವುತ್ತಿದ್ದಳು.

ಸಭೆ ಮುಗಿದ ಮೇಲೆ ಜಿಪಾರ್ ಯಾಕೆ ಹಾಗೆ ಹೇಳಿದೆ ಎಂದು ಮುಕಾಶನನ್ನು ಕೇಳಿದಳು. ಅವನು ಗಾಡಿಯ ಗಾಜು ಒರೆಸುತ್ತಲೇ ಇದ್ದ.

"ನೀನು ಹೇಳೋ ಹಾಗೆ ಕಾಣ್ಲಿಲ್ಲ. ಯಾರಾದ್ರೂ ಹೇಳ್ಬೇಕಿತ್ತಲ್ಲ, ತಂಗಿ."

ಅಲ್ಲಿಂದ ಆ ಮನೆಗೆ ಸೈರಾಕಾನ್ ಮುಂದೆ, ಜಿಪಾರ್ ಹಿಂದೆ ಹೊರಟರು. ಸೇತುವೆ ದಾಟಲು ಮೂರು ನಿಮಿಷವೂ ಹಿಡಿಯಲಿಲ್ಲ. ಒಳಗೆ ಗಂಡ ಓರೋಜ್ ಗೋಡೆಗೊರಗಿದ್ದ, ಅರ್ಧ ಮೈ ಸ್ವಾಧೀನವಿಲ್ಲ. ಜಿಪಾರಳಿಗಾಗಿ ಸೈರಾಕಾನ್ ಮೆತ್ತೆ ಹಾಸಿದಳು, ರೊಟ್ಟಿ ಮುರಿದಿಟ್ಟಳು, ಬಟ್ಟಲಿಗೆ ಚಹಾ ಬಗ್ಗಿಸಿದಳು.

"ಚಳಿಗಾಲದಲ್ಲಿ ಬೆರಣಿ ಕಮ್ಮಿ ಬಿದ್ದಿತ್ತು," ಎಂದಳು ಸೈರಾಕಾನ್. "ಸಂಜೆ ಮಾತ್ರ ಒಲೆ ಹಚ್ತಿದ್ವಿ. ಅವತ್ತು ನಿಮ್ಮ ಗಾಡಿ ನಿಂತಿದ್ದು ಕಿಟಕೀಲಿ ಕಂಡಿತ್ತು. ಬರ್ತೀರಿ ಅಂತ ಹೀಗೇ ಮೆತ್ತೆ ಹಾಸಿದ್ದೆ."

ಜಿಪಾರ್ ರೊಟ್ಟಿಯ ತುಂಡನ್ನು ಕೆಳಗಿಟ್ಟಳು. "ಮುಕಾಶಣ್ಣ ಏನೂ ಹೇಳಿರ್ಲಿಲ್ಲಮ್ಮ. ನಾನೇ ದಾಟ್ಲಿಲ್ಲ."

"ಗೊತ್ತು. ಚಿಕ್ಕವನಿದ್ದಾಗಿಂದ ಈ ಸೇತುವೆ ಮೇಲೆ ಓಡಾಡಿದವನು ಅವನು."

"ಮತ್ತೆ ಸಭೇಲಿ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾದೆ."

ಮರುದಿನ ಜಿಪಾರ್ ತಪ್ಪು ತನ್ನದೆಂದು ಅಧಿಕಾರಿಗೆ ಪತ್ರ ಬರೆದಳು. ಮನೆ ಪಟ್ಟಿಗೆ ಸೇರಿತು. ಆದರೆ ಸಹಿಯಾದ ಸಭಾ ನಡಾವಳಿಯನ್ನು ತಿದ್ದುವಂತಿರಲಿಲ್ಲ. ಅದರಲ್ಲಿ ಮುಕಾಶನ ಹೆಸರು ಹಾಗೆಯೇ ಉಳಿಯಿತು. ಕಂಪನಿ ಅವನನ್ನು ಬಿಡಿಸಿ ಬೇರೆ ಚಾಲಕನನ್ನು ತೆಗೆದುಕೊಂಡಿತು.

ಜೂನ್‌ನಲ್ಲಿ ಅವಳು ಅವನನ್ನು ಹುಡುಕಿಕೊಂಡು ಬೇಸಿಗೆಯ ಹುಲ್ಲುಗಾವಲಿಗೆ ಹೋದಳು. ಅವನು ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತನ್ನು ಅವಳು ಶುರುಮಾಡಿದಳು.

"ಕಾಲು ಹಿಡ್ಕೋ, ಒದೀತದೆ," ಎಂದ ಅವನು.

ಅವಳು ಮಂಡಿಯೂರಿ ಕುರಿಯ ಹಿಂಗಾಲುಗಳನ್ನು ಎರಡೂ ಕೈಯಲ್ಲಿ ಹಿಡಿದಳು. ಕತ್ತರಿ ಹೊಟ್ಟೆಯ ಬದಿಯಿಂದ ನಿಧಾನವಾಗಿ ಸರಿಯಿತು. ಉಣ್ಣೆ ಬೆಚ್ಚಗೆ, ಭಾರವಾಗಿ ಅವಳ ತೊಡೆಯ ಮೇಲೆ ಬೀಳತೊಡಗಿತು.