ಕೆಂಪಿಯ ಕಾವಿಗಿಟ್ಟ ಕುಪ್ಪಿ

ದಡ್ಡಿ ಊರಿನ ದುಂಡವ್ವನ ಮನೆಯಲ್ಲಿ ಮಾತಾಡುವವರು ಇಬ್ಬರೇ. ಒಬ್ಬಳು ದುಂಡವ್ವ, ಇನ್ನೊಬ್ಬಳು ಅವಳ ಕೋಳಿ ಕೆಂಪಿ. ಗಂಡ ತೀರಿ ಆರು ವರ್ಷ. ಹೋದ ಬೇಸಿಗೆಗೆ ಕೊಕ್ಕರೆ ರೋಗ ಬಂದು ಹನ್ನೊಂದು ಕೋಳಿ ಮೂರೇ ದಿನದಲ್ಲಿ ಕತ್ತು ತಿರುವಿ ಬಿದ್ದವು. ಕೆಂಪಿ ಒಂದೇ ಉಳಿಯಿತು. ನಸುಕಿಗೆ ಕೂಗುವ ಹುಂಜವೇ ಇಲ್ಲದಾಗ ದುಂಡವ್ವ ತಾನೇ ಬಾಗಿಲಲ್ಲಿ ಕೂತು "ಕೊಕ್ಕೊಕ್ಕೋ" ಅನ್ನುವಳು. ಕೆಂಪಿ ಕತ್ತು ಓರೆ ಮಾಡಿ, 'ಸಾಕ ಬಿಡ, ಬರೂದಿಲ್ಲ ನಿನಗ' ಎಂಬಂತೆ ನೋಡುವುದು.

ಈ ವರ್ಷ ಬಾಜೂಮನೆಯ ಕರೆವ್ವ ಅರ್ಧ ಮರಿ ತನಗೆಂದು ತತ್ತಿಗಳನ್ನು ಪಾಲಿಗೆ ಕೊಟ್ಟಳು. ಕೆಂಪಿ ಕಾವು ಕೂತು ಏಳು ಮರಿ ಮಾಡಿತು. ಮನೆ ಚಿಂವ್ ಚಿಂವ್ ಅನ್ನತೊಡಗಿದ ವಾರಕ್ಕೇ ಬೆಲ್ಲದ ಬಾಗೇವಾಡಿಯಲ್ಲಿ ರೋಗ ಬಿತ್ತೆಂಬ ಸುದ್ದಿ. ಹಿಂದೆಯೇ ಗೋಕಾಕದಿಂದ ದನದ ದವಾಖಾನೆಯ ಕಂಪೌಂಡರ್ ಮಾಯಪ್ಪ ಬರ್ಫ ತುಂಬಿದ ಫ್ಲಾಸ್ಕಿನಲ್ಲಿ ಲಸಿಕೆಯ ಕುಪ್ಪಿ ಇಟ್ಟುಕೊಂಡು ಬಂದ. ಅದೇ ರೋಗದ ಬೀಜದಿಂದ ಮಾಡಿದ ಲಸಿಕೆಯೆಂದ.

"ರೋಗ ಬರಬಾರದಂತ ರೋಗಾನ ಹಾಕ್ತೀರೇನ್ರಿ? ಚಲೋ ಐತಿ ನಿಮ್ಮ ಶಾಣ್ಯಾತನ!" ಎಂದಳು ದುಂಡವ್ವ.

"ಸೊಕ್ಕು ಇಳಿಸಿದ ರೋಗ ಅಕ್ಕಾ ಇದು. ಮೊದಲ ತತ್ತಿಯೊಳಗ ಬೆಳಸ್ತಿದ್ರು. ಈಗ ಬಾಟ್ಲಿಯೊಳಗೂ ಬೆಳಸಾಕ ಕಲ್ತಾರ. ತತ್ತಿಯೊಳಗಿನ ಎಳೀ ಮರಿಯಿಂದ ಕಣ್ಣಿಗಿ ಕಾಣದ ಜೀವಕಣ ಬಿಡಿಸಿ ಗಾಜಿನ ಬಾಟ್ಲಿಯೊಳಗ ಇಡ್ತಾರ. ಅವಕ್ಕ ಸಾರಿನಂಥಾ ಊಟ, ಕೋಳಿ ಹೊಟ್ಟಿ ಕೆಳಗಿನಷ್ಟ ಕಾವು. ಕಣ ಹಾಸಿಗಿ ಹಾಸಿದಂಗ ಹಬ್ಬಿದ ಮ್ಯಾಲ ರೋಗದ ಬೀಜ ಬಿತ್ತತಾರ. ಬಾಟ್ಲಿಯಿಂದ ಬಾಟ್ಲಿಗಿ ದಾಟಿಸಿ ದಾಟಿಸಿ ಅದರ ಹಲ್ಲು ಮೊಂಡ ಮಾಡ್ತಾರ. ಅದನ್ನ ಹಾಕಿದ್ರ ಕೋಳಿ ಮೈ ರೋಗದ ಗುರುತು ಹಿಡಿದು, ಖರೆ ರೋಗ ಬಂದಾಗ ತಡೀತೈತಿ."

"ಅಂದ್ರ ಇದರಾಗ ಜೀವ ಐತಿ?"

"ಐತ್ರಿ. ಇಲ್ಲೆ ಇಟ್ಟಿರ್ತೀನಿ, ಮಂದೀನ ಕರಕೊಂಡ ಬರ್ತೀನಿ," ಎಂದು ಮಾಯಪ್ಪ ಓಣಿಗೆ ಹೋದ.

ಫ್ಲಾಸ್ಕಿನೊಳಗೆ ಬರ್ಫ ಕಟಕಟ ಅಂದಿತು. ಜೀವ ಇದ್ದದ್ದು, ತಾಯಿಯಿಲ್ಲದ್ದು, ಥಂಡಿಯಲ್ಲಿ ಒಂದೇ ಬಿದ್ದದ್ದು! ಒಂದೇ ಇರುವುದೆಂದರೇನೆಂದು ದುಂಡವ್ವನಿಗೆ ಯಾರೂ ಹೇಳಬೇಕಿರಲಿಲ್ಲ. ಕುಪ್ಪಿ ತೆಗೆದು, ಅರಿವೆಯಲ್ಲಿ ಸುತ್ತಿ, ಕೆಂಪಿಯ ಹೊಟ್ಟೆ ಕೆಳಗೆ ಸರಿಸಿದಳು.

ಮಧ್ಯಾಹ್ನ ಮಾಯಪ್ಪ ಹೆಂಗಸರೊಂದಿಗೆ ಬಂದ. "ಕುಪ್ಪಿ ಎಲ್ಲೈತ್ರಿ?"

"ಕಾವಿಗಿಟ್ಟೇನಿ."

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಮಾಯಪ್ಪ ನಗಲಿಲ್ಲ. "ಬೆಳಸುವಾಗ ಕಾವು ಬೇಕಕ್ಕಾ. ಲಸಿಕೆ ಆದ ಮ್ಯಾಲ ತಂಪು ಬೇಕು. ನಾ ಅರ್ಧಾನ ಹೇಳಿದ್ನಿ, ತಪ್ಪು ನಂದೂ ಐತಿ. ಇದನ್ನಿನ್ನ ನಂಬಾಕ ಬರೂದಿಲ್ಲ."

ಕರೆವ್ವನ ನಗು ಅಲ್ಲೇ ನಿಂತಿತು. "ಅರ್ಧ ಮರಿ ನನ್ನವು, ದುಂಡಿ! ಸತ್ರ ನಿನ್ನ ಬಾಗಲಾ ತುಳಿಯಾಂಗಿಲ್ಲ!"

ಬೇರೆ ಕುಪ್ಪಿ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕೂ ದಿನ ಓಣಿಯವರು ಯಾರೂ ಅವಳನ್ನು ಮಾತಾಡಿಸಲಿಲ್ಲ. ಮರಿಗಳನ್ನು ಬುಟ್ಟಿ ಕೆಳಗೆ ಮುಚ್ಚಿ, ಮೇಲೆ ಕಿವಿಯಿಟ್ಟು ಕೂತಳು. ಚಿಂವ್ ಅಂದರೆ ಉಸಿರು ಬಿಡುವಳು. ಸುಮ್ಮನಾದರೆ ಬುಟ್ಟಿ ಎತ್ತಿ ಏಳನ್ನೂ ಎಣಿಸುವಳು.

ಐದನೇ ದಿನ ಮೋಟಾರ್ ಸ್ಟ್ಯಾಂಡಿನಿಂದ ಫ್ಲಾಸ್ಕನ್ನು ತಾನೇ ಹೊತ್ತು ತಂದು ನೆರಳಿನಲ್ಲಿಟ್ಟು ಕಾದಳು. ಮುಚ್ಚಳ ಮುಟ್ಟಲು ಬಂದವರ ಕೈಗೆ ಚಟ್ಟನೆ ಒಂದು ಏಟು: "ತಂಪಿನ್ಯಾಗ ಇರ್ಲಿ!" ಮಾಯಪ್ಪ ಮರಿಗಳ ಕಣ್ಣಿಗೆ ಒಂದೊಂದು ಹನಿ ಬಿಟ್ಟ. ಕರೆವ್ವನೂ ತನ್ನ ಮನೆಯ ಕೋಳಿ ತಂದಳು, ಮಾತು ಮಾತ್ರ ತರಲಿಲ್ಲ.

ತಿಂಗಳಿಗೆ ರೋಗ ದಡ್ಡಿಗೂ ಬಂತು. ಹನಿ ಬೇಡವೆಂದಿದ್ದ ಕೆಳಗಿನ ಓಣಿಯಲ್ಲಿ ಕೋಳಿಯ ಸದ್ದೇ ಇಲ್ಲವಾಯಿತು. ದುಂಡವ್ವನ ಏಳೂ ಉಳಿದವು. ಮುಂದೊಂದು ನಸುಕಿನಲ್ಲಿ ಎಳೆ ಹುಂಜವೊಂದು ಒಡಕು ದನಿಯಲ್ಲಿ "ಕೊ... ಕ್ಕೇ" ಅಂದಿತು. ದುಂಡವ್ವ ಬಾಗಿಲಿಂದ "ಕೊಕ್ಕೊಕ್ಕೋ" ಎಂದು ತಿದ್ದಿದಳು.

ಬಾಜೂ ಗೋಡೆಯಾಚೆಯಿಂದ ಕರೆವ್ವ ಕೂಗಿದಳು: "ಹುಂಜದ ದನಿ ಯಾವುದ, ನಿಂದು ಯಾವುದ, ದುಂಡೀ? ಚಾ ಇಟ್ಟೇನಿ, ಬಾ!"

ಅಕ್ಕಗಳಿರಾ, ಅಣ್ಣಗಳಿರಾ, ರೋಗ ಪಕ್ಕದೂರಿಗೆ ಬರುವತನಕ ಕಾಯಬೇಡಿರಿ. ಕೋಳಿ ಆರೋಗ್ಯವಾಗಿದ್ದಾಗಲೇ ಲಸಿಕೆ ಹಾಕಿಸಿರಿ, ದೊಡ್ಡವಾದ ಮೇಲೆ ಮತ್ತೊಮ್ಮೆ ಹಾಕಿಸಿರಿ. ಕಾವನ್ನು ತತ್ತಿಗೆ ಕೊಡಿರಿ, ಕುಪ್ಪಿಯನ್ನು ತಂಪಿನಲ್ಲಿಡಿರಿ. ನಾಳೆ ನಸುಕಿಗೆ ನಿಮ್ಮ ಅಂಗಳದಲ್ಲಿ ಕೂಗುವ ದನಿ ನಿಮ್ಮದೊಂದೇ ಆಗದಿರಲಿ.