ಮೈಲಿಗಲ್ಲಿನ ಮೇಲಿನ ಗಂಟು

ನೂರ ಹನ್ನೆರಡನೆಯ ಪುಟವೋ ಅದರ ಹಿಂದಿನದೋ, ಪೆನ್ಸಿಲಿನಿಂದ ಗೆರೆ ಎಳೆದದ್ದು ನಾನೇ ಹೌದೋ ಅಲ್ಲವೋ, ನಾನೇ, ಇನ್ಯಾರು ಎಳೆಯಬೇಕು, ಶಿರಸಿಯಲ್ಲಿ ಈ ಪುಸ್ತಕ ಓದಿದವನು ಬೇರೆ ಯಾರಿದ್ದಾನೆ — ಮುಂಬಯಿಯ ಹತ್ತಿಗಿರಣಿಯಲ್ಲಿ ಗುಮಾಸ್ತನಾಗಿ ಸೇರಿ ಮುಖ್ಯ ಮ್ಯಾನೇಜರನಾಗಿ ನಿವೃತ್ತನಾದ ಇಂಗ್ಲಿಷ್ ದೊರೆಯೊಬ್ಬನ ಆತ್ಮಕಥೆ, ಧಾರವಾಡದಲ್ಲಿ ಬಿ.ಎ. ಮುಗಿಸಿ ಬರುವಾಗ ಕೊಂಡದ್ದು, ಮೇಲೇರಿದ ಬಗೆ ಮುನ್ನೂರು ಪುಟ. ಮಧ್ಯಾಹ್ನ ಸಿದ್ದಾಪುರದ ಹೊಸ ಏಜೆಂಟ್ ಬರುತ್ತಾನೆ, ಆ ಪುಸ್ತಕದಲ್ಲಿ ಕಲಿತದ್ದು ಅವನಿಗೂ ನಾಲ್ಕು ಮಾತು ಹೇಳಿ ಮ್ಯಾನೇಜರ್ರೇ, ಎಂದು ಮೋಟಾರು ಕಂಪನಿಯ ಧಣಿ ಅಲ್ಲಾವುದ್ದೀನ್ ಸಾಹೇಬರು ಹೇಳಿ ಹೋದರು, ಮ್ಯಾನೇಜರ್ರೇ ಎನ್ನುವಾಗ ಅವರಿಗೆ ನನಗಿಂತ ಹೆಚ್ಚು ಸಂತೋಷ. ಹೊರಗೆ ಬನವಾಸಿಯಿಂದ ಬಂದ ಮೋಟಾರು ನಿಂತಿತು, ಪೆಟ್ರೋಲಿನ ವಾಸನೆ, ಕೋಳಿಬುಟ್ಟಿ ಇಳಿಸುವ ಗದ್ದಲ, ಗೋಡೆಯ ಗಡಿಯಾರದಲ್ಲಿ ಹತ್ತು, ಈಗ ಅದು ಬರುವುದು ಯಾವತ್ತೂ ಹತ್ತಕ್ಕೇ. ಹೊತ್ತು ಪಾಲಿಸಲಾರದವನು ಜನರನ್ನು ನಡೆಸಲಾರ, ಇದು ಮೂರನೆಯ ಅಧ್ಯಾಯ, ಅದನ್ನು ಎರಡನೆಯ ಸಲ ಓದಿದ ವಾರವೇ ನಾನು ಡ್ರೈವರ್ ಮುನಾಫನನ್ನು ಕರೆದು ಹೇಳಿದ್ದು, ಇನ್ನು ಮೇಲೆ ಬನವಾಸಿ ದಾರಿಯ ದಾಸನಕೊಪ್ಪದಲ್ಲಿ ಗಂಟಿಗಾಗಿ ಕಾಯಬೇಡ. ಒಳಗಿನ ಊರುಗಳವರು ಮೋಟಾರಿಗೆ ಬರುವವರಿದ್ದರೆ ಮೊದಲೇ ಬಂದು ತಮ್ಮ ಗಂಟನ್ನು ಅಲ್ಲಿಯ ಮೈಲಿಗಲ್ಲಿನ ಮೇಲೆ ಇಟ್ಟು ಹೋಗುತ್ತಿದ್ದರು, ಎತ್ತಿಗೆ ನೀರು ಕುಡಿಸಿಯೋ, ಮಾತು ಮುಗಿಸಿಯೋ ಬರುವವರೆಗೆ ಗಂಟು ಅಲ್ಲಿ ಕೂತಿರುತ್ತಿತ್ತು, ಮುನಾಫ್ ನಿಲ್ಲಿಸಿ ಮೂರು ಸಲ ಹಾರ್ನ್ ಒತ್ತಿ ಬೀಡಿ ಹಚ್ಚುತ್ತಿದ್ದ. ಬಿ.ಎ. ಸಾಹೇಬ್ರೇ, ಗಂಟು ಅಂದ್ರೆ ಮನುಷ್ಯನೇ, ಬಿಟ್ಟು ಬರೂಕೆ ಆಗೂದಿಲ್ಲ. ಹತ್ತು ಜನರ ಹೊತ್ತು ಒಬ್ಬ ತಿನ್ನಬಾರದು ಮುನಾಫ್. ಅವ ನಕ್ಕ, ನಿಮ್ಮ ಪುಸ್ತಕದ ದೊರೆ ದಾಸನಕೊಪ್ಪ ನೋಡಿದ್ನೇನ್ರೀ, ನೋಡಿದ್ರೆ ಅವ್ನೂ ಒಂದು ಬೀಡಿ ಸೇದ್ತಿದ್ದ. ನಾನು ನಗಲಿಲ್ಲ, ಕೈಕೆಳಗಿನವರೊಡನೆ ನಗುವುದರ ಬಗ್ಗೆಯೂ ಒಂದು ಅಧ್ಯಾಯವಿತ್ತು. ಆಯ್ತು, ನಿಮ್ಮ ಅಪ್ಪಣೆ, ಎಂದು ಹೋದ. ಇಬ್ಬರೇ ಇದ್ದೆವು, ಕಾಗದದಲ್ಲಿ ಬರೆದದ್ದಲ್ಲ.

ನಾಲ್ಕನೆಯ ದಿನ ಆ ಒಳಗಿನ ಊರೊಂದರ ರೈತ ಕಲ್ಲಯ್ಯ ಬಂದು ಇದೇ ಬಾಗಿಲಲ್ಲಿ ಕೂತ, ಮೂರು ಹರದಾರಿ ನಡೆದು ಬಂದ ಕಾಲು, ತೊಡೆಯ ಮೇಲೆ ಕೆಂಪು ಬಟ್ಟೆಯ ಗಂಟು, ಅದರೊಳಗೆ ಹೊಲದ ಕಾಗದಪತ್ರ. ಗಂಟು ಕಲ್ಲಿನ ಮ್ಯಾಲೆ ಇಟ್ಟಿದ್ನಲ್ರೀ ಸಾಹೇಬ್ರ, ಸಾಕ್ಷಿದಾರನ್ನ ಕರಕೊಂಡು ಬರಾಕ ಹೋಗಿದ್ದೆ, ಬರೂದ್ರಾಗ ಮೋಟಾರು ಹೋಗಿತ್ತು, ಕೋರ್ಟಿನಾಗ ಮೂರು ಸಲ ಹೆಸರು ಕೂಗಿದ್ರಂತ, ಹೊಲ ದಾಯಾದಿಗೆ ಹೋತು. ಅಳಲಿಲ್ಲ, ಬೈಯಲಿಲ್ಲ, ಗಂಟು ಇಟ್ಟಿದ್ನಲ್ರೀ ಎಂಬುದೊಂದನ್ನೇ ತಿರುಗಿ ತಿರುಗಿ, ಅದು ಕೋರ್ಟಿಗೂ ತಿಳಿಯಬೇಕಾಗಿದ್ದ ಮಾತು ಎನ್ನುವಂತೆ. ಧಣಿ ಸಾಹೇಬರ ಮುಖ ಕಪ್ಪಾಯಿತು, ಅವರಪ್ಪ ಎತ್ತಿನ ಗಾಡಿ ಹೊಡೆಯುತ್ತಿದ್ದಾಗಿನಿಂದ ಆ ಕಲ್ಲಿನ ಗಂಟನ್ನು ಯಾರೂ ದಾಟಿ ಬಂದಿರಲಿಲ್ಲ. ಮುನಾಫನನ್ನು ಕರೆಸಿ ಕೇಳಿದರು, ಗಂಟು ಕಾಣಲಿಲ್ಲವೇನೋ ಮುನಾಫ್. ಕಂಡಿತ್ತು ಸಾಹೇಬ್ರೇ. ಮತ್ತೆ ಯಾರ ಮಾತು ಕೇಳಿ ಬಿಟ್ಟು ಬಂದೆ. ಮುನಾಫ್ ನನ್ನ ಕಡೆ ನೋಡಿದ, ಸಿಟ್ಟಿನಿಂದಲ್ಲ, ಗಂಟಿನವನಿಗಾಗಿ ದಾಸನಕೊಪ್ಪದ ಹೊಲದ ಕಡೆ ನೋಡುತ್ತಿದ್ದ ಹಾಗೆ, ಬರುತ್ತಾನೆ, ಇನ್ನೇನು ಬರುತ್ತಾನೆ — ನಾನು ಮೇಜಿನ ಮೇಲಿನ ಮಸಿಕುಡಿಕೆಯ ಮುಚ್ಚಳ ತಿರುಗಿಸುತ್ತಿದ್ದೆ, ಅದು ಕೂಡುತ್ತಿರಲಿಲ್ಲ, ಆ ವಾರವೇ ಸಾಹೇಬರು ನನಗೆ ಮ್ಯಾನೇಜರನ ಕೆಲಸ ಕೊಡುವ ಮಾತು ಎತ್ತಿದ್ದರು. ಒಂದು ಬೀಡಿ ಸೇದುವಷ್ಟು ಹೊತ್ತು ಮುನಾಫ್ ನನಗಾಗಿ ಕಾದಿದ್ದಿರಬೇಕು. ತಪ್ಪಾಯ್ತು ಸಾಹೇಬ್ರೇ, ಎಂದು ಮೋಟಾರಿನ ಬೀಗದ ಕೈ ಮೇಜಿನ ಮೇಲಿಟ್ಟ. ಈಗ ಯಲ್ಲಾಪುರದ ಕಡೆ ಮರದ ನಾಟಾ ಸಾಗಿಸುವ ಲಾರಿ ಹೊಡೆಯುತ್ತಾನಂತೆ, ಎದುರು ಸಿಕ್ಕಾಗ ದಾರಿ ಬಿಡುತ್ತಾನಂತೆ ನಮ್ಮ ಮೋಟಾರಿಗೆ.

ಸಿಕ್ಕಿತು, ನೂರ ಹದಿನಾಲ್ಕು. ಗಿರಣಿಯಲ್ಲಿ ಯಂತ್ರ ಒಡೆದು ಕೂಲಿಯವನನ್ನು ಹೊರಗೆ ಹಾಕುವ ಹೊತ್ತಿಗೆ ದೊರೆ ಡೈರೆಕ್ಟರುಗಳ ಮುಂದೆ ಎದ್ದು ನಿಂತು ಆಡಿದ ಸಾಲು, ತಪ್ಪು ಅವನದಲ್ಲ, ಅಪ್ಪಣೆ ನನ್ನದು, ಅದರ ಕೆಳಗೆ ಗೆರೆ, ನೆಟ್ಟಗೆ, ಸ್ಕೇಲು ಇಟ್ಟು ಎಳೆದದ್ದು, ಬದಿಯಲ್ಲಿ ತಾರೀಖು, ಕಲ್ಲಯ್ಯ ಬರುವ ಎರಡು ತಿಂಗಳು ಮೊದಲಿನದು. ಇದನ್ನೇ ಮಧ್ಯಾಹ್ನ ಓದಿ ಹೇಳಬಹುದು, ಅಥವಾ ಮೂರನೆಯ ಅಧ್ಯಾಯ ಸಾಕು, ಹೊತ್ತಿನದು. ಮೊನ್ನೆ ನಾನೇ ಬನವಾಸಿಯಿಂದ ಬರುವಾಗ ಕಿಟಕಿಯಿಂದ ನೋಡಿದೆ, ಮೈಲಿಗಲ್ಲು ಬರಿದಾಗಿತ್ತು, ಈಗ ಯಾರೂ ಇಡುವುದಿಲ್ಲ, ಜನ ಗಂಟು ಎದೆಗೊತ್ತಿಕೊಂಡು ಬಿಸಿಲಲ್ಲಿ ನಿಂತಿದ್ದರು, ಆದರೂ ನನಗೆ ಕಾಣುವುದು ಕಲ್ಲಿನ ಮೇಲೆ ಆ ಕೆಂಪು ಗಂಟು, ಮೂರು ಹಾರ್ನ್, ಮುನಾಫನ ಕಣ್ಣು, ಕಲ್ಲಿನ ಮೇಲೆ ಕೆಂಪು ಗಂಟು. ಅಪ್ಪಣೆ ನನ್ನದು ಎಂದು ನಾನು ಹೇಳಲಿಲ್ಲ.