ಮೂರು ಗಡಿಯಾರ

"ನಾನು ತುಂಬೋದೊಂದು, ಇದು ಕಕ್ಕೋದೊಂದು," ಎಂದು ಟರ್ಶಿಯಸ್ ಕೀಬೋರ್ಡನ್ನು ಮೇಜಿಗೆ ಕುಕ್ಕಿದ.

ಪರದೆಯ ತುಂಬ ಕೆಂಪು ಸಾಲುಗಳು. ಹವ್ಯಾಸಕ್ಕೆ ರೇಡಿಯೋ ನಡೆಸುವ ಹ್ಯಾಮ್‌ಗಳ ನೇಮ ಕಟ್ಟುನಿಟ್ಟು. ಗಾಳಿಯಲ್ಲಿ ಇಬ್ಬರು ಮಾತಾಡಿದರೆ ಇಬ್ಬರೂ ಅದನ್ನು ಗ್ರೀನಿಚ್ ಸಮಯದಲ್ಲಿ ದಾಖಲಿಸಬೇಕು, ಎರಡೂ ತಾಳೆಯಾದರೆ ಮಾತ್ರ ಲೆಕ್ಕಕ್ಕೆ. ಈಗ ಇವನ ದಾಖಲೆ ಫಿನ್ಲೆಂಡಿನವನದಕ್ಕೂ ತಾಳೆಯಿಲ್ಲ, ನಮೀಬಿಯಾದ ವಿಂಡ್‌ಹೂಕ್‌ನವಳದಕ್ಕೂ ಇಲ್ಲ. ಸಾಫ್ಟ್‌ವೇರನ್ನು ಕಿತ್ತು ಮತ್ತೆ ಹಾಕಿದ್ದಾಯಿತು, ಕೇಬಲ್ ಬದಲಿಸಿದ್ದಾಯಿತು, ಸಾಫ್ಟ್‌ವೇರ್ ಬರೆದವನ ವಂಶವನ್ನೇ ಬೈದದ್ದೂ ಆಯಿತು.

ಸಿಟ್ಟಿನ ಅಡಿಯಲ್ಲಿ ಹೆದರಿಕೆಯೂ ಹುಟ್ಟಿಕೊಂಡಿತ್ತು: ಈ ಯಂತ್ರ ಮೊದಲಿಂದಲೂ ತಪ್ಪೇ ಹೇಳುತ್ತಿದ್ದರೆ? ಕಳೆದ ತಿಂಗಳು ಕ್ಲಬ್ಬಿನ ಸ್ಪರ್ಧೆಯಲ್ಲಿ ಗೆಳೆಯ ವೆಸ್ಸೆಲ್‌ಗೆ ಅಂಕ ಸಿಗಲೆಂದು ಇವನೂ ಅವನ ಕರೆಗೆ ಉತ್ತರಿಸಿದ್ದ. ಆಮೇಲೆ ನೋಡಿದರೆ, ಇವನ ಕಂಪ್ಯೂಟರಿನ ಪ್ರಕಾರ ಆ ಮಾತು ನಡೆದದ್ದು ಸ್ಪರ್ಧೆ ಶುರುವಾಗುವ ಮೊದಲೇ. ದಿನಾ ಮಾತಾಡುವವರಿಗೆ ಯಾವ ಮಾತು ಯಾವ ಹೊತ್ತಿನದೆಂದು ಹೇಗೆ ನೆನಪಿರಬೇಕು? ಇವನು ಯಂತ್ರವನ್ನು ನಂಬಿದ. ತನ್ನದೇ ಮನೆಯ ಹಿತ್ತಲಲ್ಲಿ, ಮಾಂಸ ಸುಡುವ ಬೆಂಕಿಯ ಸುತ್ತ ಕ್ಲಬ್ಬಿನವರೆಲ್ಲ ನಿಂತಿದ್ದಾಗ, "ಹೊತ್ತು ತಿದ್ದಿ ಅಂಕ ಕದ್ದವನು" ಎಂದುಬಿಟ್ಟ. ವೆಸ್ಸೆಲ್ ಮಾಂಸ ತಿರುವುತ್ತಿದ್ದ ತನ್ನ ಇಕ್ಕಳವನ್ನು ಅಲ್ಲೇ ಬಿಟ್ಟು ಹೊರಟುಹೋದ. ಅದು ಈಗಲೂ ಅಡುಗೆಮನೆಯ ಮೊಳೆಗೆ ತೂಗುತ್ತಿತ್ತು.

ಹೆಂಡತಿ ಹೆಸ್ಟರ್ ಕಾಫಿ, ರಸ್ಕು ತಂದಿಟ್ಟು ಪರದೆಯನ್ನೇ ನೋಡಿದಳು.

"ಅಡುಗೆಮನೆ ಗಡಿಯಾರ ನಾಲ್ಕು ಅಂತಿದೆ. ಈ ಗೋಡೆ ಮೇಲಿನ ನಿನ್ನ ಗ್ರೀನಿಚ್ ಮಹಾರಾಯ ಎರಡು ಅಂತಾನೆ. ಆ ದಾಖಲೇಲಿ ಯಾಕೆ ಹನ್ನೆರಡು?"

"ನಿನಗಿದೆಲ್ಲ ಅರ್ಥ ಆಗಲ್ಲ," ಎಂದವನು ಪರದೆಯ ಮೂಲೆಯ ಹೊತ್ತನ್ನು ನೋಡಿದ. ಅಲ್ಲೂ ಎರಡೇ. ಹಳೆಯ ರೇಡಿಯೋದವನೆಂಬ ಜಂಬದಲ್ಲಿ ಹೊಸ ಕಂಪ್ಯೂಟರನ್ನೂ ಗ್ರೀನಿಚ್‌ಗೇ ಇಟ್ಟವನು ಅವನೇ. ಸಾಫ್ಟ್‌ವೇರು ಪಾಪ, ಅದನ್ನು ಗ್ರೀನಿಚ್‌ಗಿಂತ ಎರಡು ತಾಸು ಮುಂದಿರುವ ತಮ್ಮೂರು ಅಪಿಂಗ್ಟನ್ನಿನ ಹೊತ್ತೆಂದುಕೊಂಡು ಇನ್ನೆರಡು ತಾಸು ಕಳೆಯುತ್ತ ಬಂದಿತ್ತು.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ," ಎಂದಳು ಹೆಸ್ಟರ್. "ವೆಸ್ಸೆಲ್‌ಗೆ ಯಾರು ಹೇಳೋರು, ಮುದುಕಾ?"

ಟರ್ಶಿಯಸ್ ಮೈಕು ಎತ್ತಿಕೊಂಡ. ಕ್ಲಬ್ಬಿನವರೆಲ್ಲ ಕೇಳುವ ತರಂಗಕ್ಕೆ ರೇಡಿಯೋ ತಿರುಗಿಸಿದ.

"ವೆಸ್ಸೆಲ್, ಇದ್ದೀಯಾ? ಹೊತ್ತು ತಪ್ಪಿದ್ದು ನಂದು ಕಣೋ. ನಿಂದು ಸರಿಯಾಗೇ ಇತ್ತು."

ಗೊರಗೊರ ಸದ್ದು. ಆಮೇಲೆ ರೇಡಿಯೋ ಮೀಟರಿನ ಮುಳ್ಳು ಮೇಲೆದ್ದಿತು.

"ಈಗ ರೇಡಿಯೋ ಗೂಡಲ್ಲಿ ಕೂತ್ಕೊಂಡು ಹೇಳ್ತೀಯಾ?" ಎಂದ ವೆಸ್ಸೆಲ್. "ಬೆಂಕಿ ಮುಂದೆ ನಿಂತು, ನನ್ನ ಹೆಂಡ್ತಿ ಎದುರಿಗೆ ಕಳ್ಳ ಅಂದೆ. ಅಲ್ಲೇ ನಿಂತು ಹೇಳು."

ಮುಳ್ಳು ಕೆಳಗೆ ಬಿತ್ತು.

"ಅವನ ಧಿಮಾಕು ನೋಡಿದ್ಯಾ?" ಟರ್ಶಿಯಸ್‌ನ ಮುಖ ಕೆಂಪಾಗಿತ್ತು. "ಎಲ್ಲರಿಗೂ ಕೇಳೋ ಹಾಗೇ ಹೇಳಿದೆನಲ್ಲ, ಸಾಲದಾ?"

ಹೆಸ್ಟರ್ ತಣ್ಣಗಾದ ಕಾಫಿಯನ್ನು ಎತ್ತಿಕೊಂಡು ಹೋದಳು. ಆಮೇಲೆ ಟರ್ಶಿಯಸ್ ಎದ್ದು ಅಡುಗೆಮನೆಗೆ ಹೋಗಿ, ಮೊಳೆಯಿಂದ ವೆಸ್ಸೆಲ್‌ನ ಇಕ್ಕಳ ಇಳಿಸಿ, ಮತ್ತೆ ಬೆಂಕಿ ಹಾಕುವ ದಿನಕ್ಕೆಂದು ಅದರ ಹಲ್ಲುಗಳಿಗೆ ಮೆತ್ತಿದ್ದ ಹಳೇ ಕೊಬ್ಬನ್ನು ತಂತಿಯ ಬ್ರಷ್ಷಿನಿಂದ ಉಜ್ಜತೊಡಗಿದ.